ಡೋಲಿಯ ಹಿಂದಿನ ಹೆಗಲು

ಇನ್ನೂ ಬೆಳಕು ಹರಿದಿಲ್ಲ. ಕರಡಿಗುಟ್ಟೆಯ ಬುಡದ ಹೊಂಗೆ ಮರದ ಕೆಳಗೆ ಮುನಿರಾಮಯ್ಯ ತನ್ನ ಡೋಲಿಯನ್ನು ಮಗುಚಿ ಹಾಕಿಕೊಂಡು ಕೂತಿದ್ದಾನೆ. ಡೋಲಿ ಎಂದರೆ ಅರಮನೆಯ ಪಲ್ಲಕ್ಕಿಯಲ್ಲ. ಕೈಯಿರುವ ಒಂದು ಹಳೆಯ ಕುರ್ಚಿ, ಅದರ ಎರಡು ಪಕ್ಕಕ್ಕೂ ಉದ್ದದ ಬಿದಿರು, ಬಿಗಿಯಲು ಕತ್ತಾಳೆ ಹಗ್ಗ. ಒಂದೊಂದೇ ಗಂಟನ್ನು ಬಿಚ್ಚಿ, ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಮತ್ತೆ ಬಿಗಿಯುತ್ತಾನೆ. ಬಿಗಿದ ಮೇಲೆ ತಾನೇ ಒಮ್ಮೆ ಕುರ್ಚಿಯಲ್ಲಿ ಕೂತು ಅಲುಗಾಡಿಸಿ ನೋಡಿ, ಎದ್ದು ಬರುತ್ತಾನೆ.

ಇವತ್ತು ಭಾನುವಾರ. ಬೆಂಗಳೂರಿನ ರೈಲಿನಲ್ಲಿ ಬಂದವರು ಸ್ಟೇಷನ್ನಿನಿಂದ ಎತ್ತಿನ ಗಾಡಿ ಮಾಡಿಕೊಂಡು ತೂಬಗೆರೆ ಕಡೆಯ ಈ ಗುಟ್ಟೆಗೆ ಬರುತ್ತಾರೆ. ಮೇಲೆ ಪಾಳೆಯಗಾರರ ಕಾಲದ ಕೋಟೆ, ಅದರ ಹಿಂಬದಿಗೆ ಮಳೆಗಾಲ ಮುಗಿದ ಮೇಲೂ ಒಂದಷ್ಟು ದಿನ ಬಂಡೆಯಿಂದ ಧುಮುಕುವ ನೀರು. ಯುದ್ಧ ಮುಗಿದು ವರ್ಷವಾದರೂ ಅಕ್ಕಿ ರೇಷನ್ನಿನಿಂದ ಬಿಡುಗಡೆಯಾಗಿಲ್ಲ. ಆದರೆ ಬಂದವರ ಬುತ್ತಿಯಲ್ಲಿ ಚಿತ್ರಾನ್ನಕ್ಕೇನೂ ಬರವಿಲ್ಲ. ಕೋಟೆ ಗೋಡೆಯ ಮೇಲೆ ಸುಣ್ಣದ ಕಲ್ಲಿನಿಂದ ಹೆಸರು ಗೀಚಿ, ನೀರಿಗೆ ಕಾಲು ಚಾಚಿ, ಗಾಳಿ ಬಲು ಚೆನ್ನಾಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸಂಜೆಯ ರೈಲಿಗೆ ವಾಪಸಾಗುತ್ತಾರೆ. ಹತ್ತಲಾರದ ವಯಸ್ಸಾದವರು ಬಂದಿದ್ದರೆ ಮುನಿರಾಮಯ್ಯನಿಗೆ ಕೂಗು ಬರುತ್ತದೆ.

ಇವನು ಹಿಂದಿನ ಹೆಗಲಿನವನು. ದಾರಿ ಕಿರಿದಾದ್ದರಿಂದ ಈ ಗುಟ್ಟೆಯಲ್ಲಿ ಡೋಲಿಗೆ ಇಬ್ಬರೇ, ಮುಂದೊಬ್ಬ, ಹಿಂದೊಬ್ಬ. ಮುಂದಿನವನಿಗೆ ದಾರಿ ಕಾಣುತ್ತದೆ. ಹಿಂದಿನವನಿಗೆ ಕುರ್ಚಿಯ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅದಕ್ಕೇ ಮುಂದಿನವನು ಕೂಗುತ್ತಾ ಹೋಗುತ್ತಾನೆ. ಎಡಕ್ಕೆ ಕಲ್ಲು, ಜಾರು, ತಗ್ಗು. ಪ್ರತಿ ಕೂಗಿಗೂ ಹಿಂದಿನವನು 'ಹೂಂ' ಎನ್ನಬೇಕು. ಹೂಂ ಕೇಳಿಸದಿದ್ದರೆ ಮುಂದಿನವನು ನಿಲ್ಲುತ್ತಾನೆ. ಕೂಗು ಕೇಳಿಸದಿದ್ದರೆ ಹಿಂದಿನವನು ಹೆಜ್ಜೆ ಎತ್ತುವ ಹಾಗಿಲ್ಲ.

"ಮೀಸೆ ಬರೋ ಮುಂಚೆಯಿಂದ ಹತ್ತಿದೀನಿ ಸ್ವಾಮಿ. ದಾರಿ ಹೆಂಗಿದೆ ಅಂತ ಕೇಳಿದ್ರೆ ನಂಗೊತ್ತಿಲ್ಲ. ಜನದ ಬೆನ್ನು ನೋಡ್ಕೊಂಡೇ ಹತ್ತಿದ್ದು. ದಾರಿಯೆಲ್ಲ ಅಪ್ಪಯ್ಯಣ್ಣನ ಬಾಯಲ್ಲಿತ್ತು," ಎನ್ನುತ್ತಾನೆ.

ಅಪ್ಪಯ್ಯಣ್ಣ ಇವನ ಮುಂದಿನ ಹೆಗಲು. ಒಂದೇ ಊರು, ಅಕ್ಕಪಕ್ಕದ ಮನೆ. ರಕ್ತಸಂಬಂಧವಿಲ್ಲದಿದ್ದರೂ ಇವನಿಗೆ ಅಣ್ಣ, ಅವನ ಹೆಂಡತಿ ಸಪ್ಪಲಮ್ಮ ಇವನಿಗೆ ಅತ್ತಿಗೆ. ಡೋಲಿಯ ಹಿಂದೆ ಸೊಂಟದ ಮೇಲೆ ಬಿಂದಿಗೆ, ಕೈಯಲ್ಲಿ ಚೆಂಬು ಹಿಡಿದು ಸಪ್ಪಲಮ್ಮ ಬರುತ್ತಿದ್ದಳು. ಬಾಯಾರಿದವರಿಗೆ ನೀರು ಕೊಡುವುದು ಅವಳ ಪಾಲಿನ ಕೆಲಸ. ಹೊಗಳುವವರು ಕೋಟೆಯನ್ನು ಹೊಗಳಿದರು, ನೀರು ಬೀಳುವುದನ್ನು ಹೊಗಳಿದರು. ಈ ಮೂವರ ಹೆಸರು ಕೇಳಿದವರು ಯಾರೂ ಇಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ನೀರು ಬೀಳುವ ಕಡೆ ಒಬ್ಬ ಹೆಂಗಸಿನ ರೇಷ್ಮೆ ಛತ್ರಿ ಗಾಳಿಗೆ ಹಾರಿ, ಬಂಡೆಯ ಅಂಚಿನ ಪೊದೆಗೆ ಸಿಕ್ಕಿಕೊಂಡಿತು. ಆಕೆಯ ಯಜಮಾನರು ಅಪ್ಪಯ್ಯಣ್ಣನ ಮುಖ ನೋಡಿದರು. ಅವನು ಇಳಿದ. ಛತ್ರಿಯನ್ನು ಮೇಲಕ್ಕೆ ಎಸೆದ ಮೇಲೆ ಪಾಚಿಯ ಮೇಲೆ ಕಾಲಿಟ್ಟು ಕೆಳಗಿನ ಬಂಡೆಗೆ ಬಿದ್ದ. ಛತ್ರಿಯವರು ಅಯ್ಯೋ ಪಾಪ ಎಂದು ಮುನಿರಾಮಯ್ಯನ ಕೈಗೆ ಒಂದಷ್ಟು ಕಾಸು ತುರುಕಿ, ರೈಲಿನ ಹೊತ್ತಾಯಿತೆಂದು ನಡೆದೇ ಇಳಿದುಹೋದರು. ಛತ್ರಿಯನ್ನು ಮಾತ್ರ ಮರೆಯಲಿಲ್ಲ.

ಅಪ್ಪಯ್ಯಣ್ಣನನ್ನು ಅವನದೇ ಡೋಲಿಯಲ್ಲಿ ಕೂರಿಸಿ, ಪಂಚೆಯಿಂದ ಕಟ್ಟಿದರು. ಹತ್ತಿರದಲ್ಲಿ ಕುರಿ ಮೇಯಿಸುತ್ತಿದ್ದ ಕೊಂಡಪ್ಪ ಬಂದು ಮುಂದಿನ ಹೆಗಲು ಕೊಟ್ಟ. ಹೊರಡುವ ಮುಂಚೆ ಅಪ್ಪಯ್ಯಣ್ಣ ನೀರು ಕೇಳಿದ. ಸಪ್ಪಲಮ್ಮ ಚೆಂಬು ಬಗ್ಗಿಸಿದಳು. ಮುನಿರಾಮಯ್ಯನೇ ಅವಳ ಕೈ ತಡೆದ. ಒಳಗೆ ಏಟಾದವನಿಗೆ ನೀರು ಕೊಡಬಾರದು ಎಂದು ಎಲ್ಲೋ ಕೇಳಿದ್ದ. "ಕೆಳಗೆ ಹೋದ್ಮೇಲೆ ಕುಡಿಸುವಂತೆ ಅತ್ತಿಗೆ," ಎಂದ.

ಮಳೆ ಜೋರಾಯಿತು. ಕೊಂಡಪ್ಪ ಕುರಿ ಕಾಯುವವನು, ಕೂಗಬೇಕೆಂದು ಅವನಿಗೆ ತಿಳಿಯದು. ಮುನಿರಾಮಯ್ಯ ಮೊದಲ ಹೆಜ್ಜೆಗೇ ತಡವರಿಸಿದಾಗ ಕುರ್ಚಿಯೊಳಗಿಂದ ಸಣ್ಣಗೆ ದನಿ ಬಂತು. ಎಡಕ್ಕೆ ಕಲ್ಲು.

"ಸೊಂಟ ಮುರಿದೋಗಿತ್ತು. ಉಸಿರಿಗೊಂದ್ಸಲ ನರಳ್ತಿದ್ದ. ಆದ್ರೂ ನಂಗೆ ದಾರಿ ಹೇಳ್ಕೊಂಡು ಬಂದ. ತಗ್ಗು ಅಂದ, ಜಾರು ಅಂದ. ನಾನು ಹೂಂ ಅಂದೆ. ಅವತ್ತು ಅವನು ಹೇಳಿದ ಒಂದು ಕಲ್ಲಿಗೂ ನಾನು ಎಡವಲಿಲ್ಲ," ಎನ್ನುವಾಗ ಮುನಿರಾಮಯ್ಯನ ದನಿಯಲ್ಲಿ ಸಂಕಟದ ಜೊತೆಗೆ ಒಂದು ಹೆಮ್ಮೆಯೂ ಇದೆ.

ಅರ್ಧ ದಾರಿಯಲ್ಲಿ, ಬಲಕ್ಕೆ ಪ್ರಪಾತವಿರುವ ಕಡೆ, ಒಂದು ಅಗಲವಾದ ಹಾಸುಬಂಡೆ ಇದೆ. ಅಲ್ಲಿಗೆ ಬಂದಾಗ ಕೂಗು ನಿಂತಿತು. ಮುನಿರಾಮಯ್ಯನಿಗೆ ಮುಖ ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಇಳಿಸಬಹುದಿತ್ತು, ಬಂಡೆ ಸಮತಟ್ಟಾಗಿಯೇ ಇತ್ತು. ಆದರೆ ಆ ಮಳೆಯಲ್ಲಿ, ಆ ಪ್ರಪಾತದ ಅಂಚಿನಲ್ಲಿ ಅತ್ತಿಗೆಗೆ ಗೊತ್ತಾದರೆ ಅವಳು ಏನು ಮಾಡಿಕೊಂಡಾಳೋ ಎಂದು ಹೆದರಿದ. ಅವನು ಗಟ್ಟಿಯಾಗಿ 'ಹೂಂ' ಎಂದ. ಹೆಜ್ಜೆ ಎತ್ತಿದ. ಮತ್ತೆ 'ಹೂಂ' ಎಂದ. ಕುರುಡನ ಹಾಗೆ ಕಾಲಿನಿಂದ ಕಲ್ಲು ತಡವುತ್ತಾ, ಯಾರೂ ಕೂಗದ ಕೂಗಿಗೆ ಹೂಂಗುಟ್ಟುತ್ತಾ ಬುಡದವರೆಗೂ ಇಳಿದ. ಹಿಂದೆ ಬರುತ್ತಿದ್ದ ಸಪ್ಪಲಮ್ಮನಿಗೆ ಮಳೆಯ ಸದ್ದಿನಲ್ಲಿ ಗಂಡನ ಸಣ್ಣ ದನಿ ಮೊದಲಿನಿಂದಲೂ ಕೇಳಿಸುತ್ತಿರಲಿಲ್ಲ. ಮೈದುನನ ಹೂಂ ಕೇಳಿಸುತ್ತಿತ್ತು. ಹಾಗಾದರೆ ಗಂಡ ಕೂಗುತ್ತಿದ್ದಾನೆ ಎಂದುಕೊಂಡು, ಚೆಂಬಿಗೆ ಮಳೆನೀರು ಬೀಳದಂತೆ ಸೆರಗು ಮುಚ್ಚಿ ಹಿಡಿದುಕೊಂಡು ನಡೆದಳು.

ಹೊಂಗೆ ಮರದ ಕೆಳಗೆ ಡೋಲಿ ಇಳಿಸಿದಾಗ ಅವಳು ಮುಂದೆ ಬಂದು ಗಂಡನ ಬಾಯಿಗೆ ನೀರು ಬಿಟ್ಟಳು. ನೀರು ಕಟವಾಯಿಯಿಂದ ಹೊರಗೆ ಹರಿಯಿತು. ಕೈ ಮುಟ್ಟಿ ನೋಡಿದಳು. ತಿರುಗಿ ಮುನಿರಾಮಯ್ಯನನ್ನು ಒಂದೇ ಮಾತು ಕೇಳಿದಳು, "ಎಲ್ಲಿಂದ?"

"ಹಾಸುಬಂಡೆಯಿಂದ," ಎಂದ.

ಅವತ್ತಿನಿಂದ ಸಪ್ಪಲಮ್ಮ ಅವನೊಂದಿಗೆ ಮಾತಾಡಿಲ್ಲ. ಗುಟ್ಟೆ ಹತ್ತುವುದನ್ನೂ ಬಿಟ್ಟಳು. ಈಗ ಹೊಂಗೆ ಮರದ ಇನ್ನೊಂದು ಬದಿಗೆ ಮಡಕೆ ಇಟ್ಟುಕೊಂಡು, ಬಂದವರಿಗೆ ನೀರು, ಮಜ್ಜಿಗೆ ಕೊಡುತ್ತಾಳೆ. "ಅವನು ಕೆಟ್ಟೋನಲ್ಲ. ನನ್ನ ಒಳ್ಳೇದಕ್ಕೇ ಮಾಡ್ದ, ನಂಗೂ ಗೊತ್ತು," ಎನ್ನುತ್ತಾಳೆ. ಸ್ವಲ್ಪ ಹೊತ್ತು ಮಡಕೆಯ ಬಾಯಿ ಒರೆಸುತ್ತಾಳೆ. "ಆದ್ರೆ ನೀರು ನನ್ನ ಕೈಯಲ್ಲೇ ಇತ್ತು ಕಣಪ್ಪ. ಕೇಳಿದ್ದ. ಗಂಡ ಕೇಳಿದ್ದ ನೀರು."



ಇವತ್ತು ಡೋಲಿಯಲ್ಲಿ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ತಾಯಿ. ಕೋಟೆಯ ಬಾಗಿಲಿಗೆ ಕೈ ಮುಗಿದು, ಬೀಳುವ ನೀರನ್ನು ಕಣ್ಣಿಗೆ ಒತ್ತಿಕೊಂಡು, ಮಗುವಿನ ಹಾಗೆ ಖುಷಿಪಟ್ಟಿದ್ದಾರೆ. ಈಗ ಇಳಿಯುವ ಹೊತ್ತು. ಮುಂದೆ ಕೊಂಡಪ್ಪ ಕೂಗುತ್ತಿದ್ದಾನೆ. ಕುರಿ ಮಾರಿ ಡೋಲಿಗೆ ಬಂದವನು, ಮುನಿರಾಮಯ್ಯನೇ ಕಲಿಸಿದ್ದು. ಹಾಸುಬಂಡೆ ಬರುತ್ತಿದ್ದಂತೆ ಅವನು ಕೂಗು ನಿಲ್ಲಿಸುತ್ತಾನೆ. ಇಬ್ಬರೂ ಡೋಲಿ ಇಳಿಸುತ್ತಾರೆ.

"ಇಲ್ಲೇಕಪ್ಪಾ ಇಳಿಸಿದಿರಿ? ರೈಲು ತಪ್ಪುತ್ತೆ," ಎಂದು ಮಗ ಗಡಿಯಾರ ನೋಡಿಕೊಳ್ಳುತ್ತಾರೆ.

"ಇಲ್ಲಿ ಇಳಿಸ್ಬೇಕು ಬುದ್ಧಿ," ಎನ್ನುತ್ತಾನೆ ಮುನಿರಾಮಯ್ಯ, ಅಷ್ಟೇ. ಮಳೆಯಿರಲಿ ಬಿಸಿಲಿರಲಿ, ಯಾರೇ ಕೂತಿರಲಿ, ಅವತ್ತಿನಿಂದ ಅವನು ಇಲ್ಲಿ ಇಳಿಸದೆ ಮುಂದಕ್ಕೆ ಹೋಗಿದ್ದಿಲ್ಲ. ಮುಂದೆ ಬಂದು ಕುರ್ಚಿಯಲ್ಲಿದ್ದವರ ಮುಖ ಒಮ್ಮೆ ನೋಡುತ್ತಾನೆ. "ಅವ್ವಾ, ಬಾಯಾರಿಕೆಯಾ?" ಎಂದು ಕೇಳುತ್ತಾನೆ. ಮುದುಕಿ ಬೇಡವೆಂದು ತಲೆಯಾಡಿಸಿದ ಮೇಲೆ ಮತ್ತೆ ಹಿಂದಕ್ಕೆ ಹೋಗಿ ಹೆಗಲು ಕೊಡುತ್ತಾನೆ.

ಬುಡದಲ್ಲಿ ಸಪ್ಪಲಮ್ಮ ಎದ್ದು ನಿಂತಿದ್ದಾಳೆ. ಗುಟ್ಟೆಯ ಮೇಲಿನಿಂದ ಹೂಂ ಕೇಳಿಸಿದ ಕೂಡಲೇ ಅವಳು ಚೆಂಬು ತುಂಬಿಸುತ್ತಾಳೆ ಎಂದು ಕೊಂಡಪ್ಪ ಹೇಳುತ್ತಾನೆ. ಮುದುಕಿಗೆ ಕೊಟ್ಟಳು. ಕೊಂಡಪ್ಪನಿಗೆ ಕೊಟ್ಟಳು. ಉಳಿದದ್ದನ್ನು ಹೊಂಗೆಯ ಬುಡಕ್ಕೆ ಹೊಯ್ದು ಮಡಕೆಯ ಕಡೆಗೆ ತಿರುಗಿದಳು. ಮುನಿರಾಮಯ್ಯ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಹಳ್ಳದ ಕಡೆಗೆ ನಡೆದ. ಅಲ್ಲಿ ಕೂತು ಬೊಗಸೆಯಲ್ಲಿ ಕುಡಿದ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಇನ್ನೊಂದು ಬೊಗಸೆ ನೀರು ಮೊಗೆದು ಮುಖಕ್ಕೆ ಹಾಕಿಕೊಳ್ಳುತ್ತಾನೆ.

"ನಂದೂ ಒಂದಿನ ಬರುತ್ತಲ್ಲ ಸ್ವಾಮಿ. ನಾನು ಕುರ್ಚೀಲಿ ಕೂತ್ಕೊಂಡು ಇಳಿಯೋ ದಿನ. ಕೊಂಡಪ್ಪನಿಗೆ ಹೇಳಿಟ್ಟಿದೀನಿ. ನನ್ನ ದನಿ ನಿಂತ ಕಡೆ ಇಳಿಸ್ಬಿಡಪ್ಪಾ, ಯಾರೂ ಹೂಂ ಅನ್ಬೇಡಿ. ಅಲ್ಲಿಂದ ಒಂದು ಕೂಗು ಹಾಕಿ ಅತ್ತಿಗೇನ ಕರೀರಿ," ಎನ್ನುತ್ತಾನೆ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾನೆ. "ಚೆಂಬು ತಂದ್ರೂ ತರಬಹುದು."