ಕಥೆ ಮೇಸ್ತ್ರಿಗಳೂ ಒಂಬತ್ತನೆಯ ಅಧ್ಯಾಯವೂ

ಲಿಫ್ಟ್ ದುರಸ್ತಿಯ ಕ್ಷೇತ್ರದಲ್ಲಿ ನುರಿತ ಕೈಗಳಿಗೆ ಬರವಿಲ್ಲ. ಮಕ್ಕಳ ಪುಸ್ತಕಗಳನ್ನು ಬಲ್ಲ ತಲೆಗಳಿಗೂ ಬರವಿಲ್ಲವೆಂದು ಕೇಳಿದ್ದೇನೆ. ಆದರೆ ಎರಡೂ ಒಬ್ಬರಲ್ಲೇ, ಅದೂ ಗ್ರೀಸು ಮೆತ್ತಿದ ಖಾಕಿ ಅಂಗಿಯೊಳಗೆ, ಕೂಡಿ ಬಂದದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ. ಈ ತಿಂಗಳು ನಮ್ಮ ಸಂಸ್ಥೆಯಿಂದ ನಿವೃತ್ತರಾಗುತ್ತಿರುವ ಹಿರಿಯ ಮೆಕ್ಯಾನಿಕ್ ಅವರನ್ನು ನಿಜನಾಮದಿಂದ ಕರೆಯುವವರು ಸಂಬಳದ ವಿಭಾಗದವರಷ್ಟೇ. ಉಳಿದ ನಮಗೆಲ್ಲ ಅವರು ಕಥೆ ಮೇಸ್ತ್ರಿ. ದೂರುಗಳ ಫೋನಿನ ಮುಂದೆ ಕುಳಿತೇ ತಲೆಗೂದಲು ನೆರೆಸಿಕೊಂಡ ನನಗೆ ಅವರ ಬಗ್ಗೆ ಬರೆಯುವ ಅರ್ಹತೆ ಉಂಟೇ ಎಂದು ನಮ್ಮ ಸಂಸ್ಥೆಯ ಪತ್ರಿಕೆಯ ಸಂಪಾದಕರು ಕೇಳಲಿಲ್ಲ. ನಾನೂ ಜ್ಞಾಪಿಸಲು ಹೋಗಲಿಲ್ಲ.

ಅವರು ಸೇವೆಗೆ ಸೇರಿದ ಹೊಸತರಲ್ಲಿ ಅವರ ಮಡದಿಗೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ. ಹೀಗಾಗಿ ಶಾಲೆ ಬಿಟ್ಟ ಮಗಳು ನೇರವಾಗಿ ನಮ್ಮ ಸಾಮಾನು ಕೋಣೆಗೆ ಬರುತ್ತಿದ್ದಳು. ಸುತ್ತಿಟ್ಟ ಉಕ್ಕಿನ ಹಗ್ಗದ ಮೇಲೆ ಅವಳನ್ನು ಕೂರಿಸಿ, ಊಟವನ್ನು ಅರ್ಧಕ್ಕೇ ಮುಗಿಸಿ, ಮೇಸ್ತ್ರಿಗಳು ದಿನಕ್ಕೊಂದು ಅಧ್ಯಾಯ ಓದುತ್ತಿದ್ದರು. ಮೊದಮೊದಲು ನಾವು ನಕ್ಕೆವು. ಆಮೇಲೆ ನಮ್ಮ ನಮ್ಮ ಡಬ್ಬಿ ಹಿಡಿದು ಅಲ್ಲಿಗೇ ಹೋಗಿ ಕೂತೆವು. ನಗುವವರ ಹಣೆಬರಹವೇ ಅಷ್ಟು.

ಮಗಳು ದೊಡ್ಡವಳಾದಳು, ಚಟ ಮಾತ್ರ ಬಿಡಲಿಲ್ಲ. ರಿಪೇರಿಗೆ ಹೋದ ಕಟ್ಟಡಗಳಲ್ಲೆಲ್ಲ ಅವರು ಮನೆಯವರಿಗೆ ಓದಲು ಒಂದು ಪುಸ್ತಕ ಹೇಳಿ ಬರುತ್ತಿದ್ದರು. ಸುಮ್ಮನೆ ಹೇಳುತ್ತಿರಲಿಲ್ಲ, ವೈದ್ಯರಂತೆ ವಿಚಾರಿಸುತ್ತಿದ್ದರು. ಮನೆಯಲ್ಲಿ ಎಷ್ಟು ಜನ, ಯಾರಿಗೆ ಕತ್ತಲೆಂದರೆ ಭಯ, ಯಾರು ಮೊದಲು ನಿದ್ದೆ ಹೋಗುತ್ತಾರೆ, ಅಜ್ಜನಿಗೆ ಕಿವಿ ಚೆನ್ನಾಗಿ ಕೇಳುತ್ತದೆಯೇ. ಅವರ ಕಟ್ಟಳೆಗಳೂ ಕಟ್ಟುನಿಟ್ಟು. ಮನೆಮಂದಿಯೆಲ್ಲ ಕೂತು ಕೇಳಬೇಕು. ದಿನಕ್ಕೆ ಒಂದೇ ಅಧ್ಯಾಯ. ಓದುವವರೂ ಕದ್ದು ಮುಂದಿನ ಪುಟ ತಿರುವಬಾರದು. ಅಧ್ಯಾಯ ಮುಗಿದ ಮೇಲೆ "ಮುಂದೇನಾಗಬಹುದು?" ಎಂದು ಎಲ್ಲರೂ ಊಹಿಸಬೇಕು, ಅದೂ ಮನೆಯ ಅತಿ ಚಿಕ್ಕವರಿಂದ ಶುರುವಾಗಬೇಕು. "ದೊಡ್ಡೋರು ಮೊದಲು ಬಾಯಿಬಿಟ್ರೆ ಚಿಕ್ಕೋರದ್ದು ಹೂತುಹೋಗುತ್ತೆ" ಎನ್ನುತ್ತಿದ್ದರು.

ನನ್ನ ಮನೆಗೂ ಆ ಉಪಕಾರ ಸಂದಿದೆ. ಪತ್ರಿಕೆಯಿಂದ ತಲೆಯೆತ್ತದ ಗಂಡ, ಕೂತಲ್ಲಿ ಕೂರದ ಮಗ ಎಂದು ನಾನು ಗೋಳು ಹೇಳಿಕೊಂಡಾಗ, ಅಧ್ಯಾಯಕ್ಕೊಮ್ಮೆ ಸಿಡುಕುವ ಒಬ್ಬ ಮಾವನಿರುವ ಪುಸ್ತಕವನ್ನು ಸೂಚಿಸಿ, "ಆ ಮಾವನ ಮಾತೆಲ್ಲ ನಿಮ್ಮ ಯಜಮಾನರೇ ಓದಲಿ" ಎಂದರು. ನನ್ನವರು ಆ ಪಾತ್ರದಲ್ಲಿ ಎಷ್ಟು ಮಿಂಚಿದರೆಂದರೆ, ಅಭ್ಯಾಸವಿಲ್ಲದವರ ನಟನೆ ಅದಲ್ಲವೆಂದು ನೆರೆಯವರಿಗೂ ತಿಳಿಯಿತು.

ಈ ಖ್ಯಾತಿಯ ಫಲವಾಗಿ ದೂರಿನ ಫೋನಿಗೆ "ಲಿಫ್ಟ್ ಚೆನ್ನಾಗಿದೆ, ಮುಂದಿನ ಪುಸ್ತಕ ಯಾವುದು?" ಎಂಬ ಕರೆಗಳು ಹೆಚ್ಚಿದವು. "ಇದೇನು ಕಂಪನಿಯೋ ಲೈಬ್ರರಿಯೋ?" ಎಂದು ಮ್ಯಾನೇಜರು ಗುಡುಗಿದರು. ಆ ಗುಡುಗು ಇನ್ನೂ ಕಿವಿಯಲ್ಲಿರುವಾಗಲೇ ಆ ಮಧ್ಯಾಹ್ನ ಬಂತು.

ಅದೊಂದು ಹಳೆಯ ಕಟ್ಟಡ; ಜಾಲರಿ ಬಾಗಿಲಿನ ಹಳೆಯ ಲಿಫ್ಟು. ಅದರ ಗೋಡೆಯಲ್ಲಿರುವ ತುರ್ತು ಫೋನು ನೇರವಾಗಿ ನನ್ನ ಮೇಜಿಗೇ ಬರುತ್ತದೆ. ಎತ್ತಿದರೆ ಒಬ್ಬ ಹುಡುಗಿಯ ದನಿ, ಹಿಂದೆ ಪುಟ್ಟ ಮಗುವಿನ ಅಳು. ಶಾಲೆಯಿಂದ ಬಂದ ಅಕ್ಕ, ತಮ್ಮ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆ. ನೆರೆಯವರು ಕೆಳಮಹಡಿಯ ಬಾಗಿಲನ್ನು ಮೀಟಿ ತೆರೆದಿದ್ದರು. ಹುಡುಗಿ ಒಳಬಾಗಿಲನ್ನು ಸರಿಸಿದ್ದಳು. ಲಿಫ್ಟಿನ ಪೆಟ್ಟಿಗೆಯ ತಳದ ಕೆಳಗಿನ ಸಂದಿಯಲ್ಲಿ ಚಾಚಿದ ಕೈಗಳು ಅವಳಿಗೆ ಕಾಣುತ್ತಿದ್ದವು. "ಬಾ ಪುಟ್ಟಿ, ಕಾಲು ಇಳಿಬಿಡು, ನಾವು ಹಿಡ್ಕೋತೀವಿ!" ಎಂಬ ಕೂಗು ನನಗೂ ಕೇಳಿಸಿತು.

ಹಾಗೆ ಇಳಿಯುವವರ ದೇಹ ಒಳಕ್ಕೆ ತೂಗಿ, ಪೆಟ್ಟಿಗೆಯಡಿ ಬಾಯ್ದೆರೆದ ಲಿಫ್ಟಿನ ಬಾವಿಗೆ ಜಾರುತ್ತದೆ. ನಮ್ಮ ವೃತ್ತಿಯಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ ಅದು.

ಮೇಸ್ತ್ರಿಗಳು ಪಕ್ಕದ ಬೀದಿಯಲ್ಲಿದ್ದರು. ಇನ್ನೊಂದು ಫೋನಿನಲ್ಲಿ ಅವರನ್ನು ಹಿಡಿದು, ಇಲ್ಲಿ ಕೇಳಿದ್ದನ್ನು ಅಲ್ಲಿಗೆ ದಾಟಿಸುತ್ತ ಹೋದೆ. ಏದುಸಿರು ಬಿಡುತ್ತಲೇ ತಾರಸಿಯ ಯಂತ್ರದ ಕೋಣೆಗೆ ಓಡಿದರು. ವಿದ್ಯುತ್ ತೆಗೆದು, ಬ್ರೇಕು ಸಡಿಲಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ಪೆಟ್ಟಿಗೆಯನ್ನು ಮೇಲೆತ್ತಬೇಕು. ಇಬ್ಬರ ಕೆಲಸ, ಅವರೊಬ್ಬರೇ.

"ನೋಡಮ್ಮ, ಆ ಮಗು ಬಾಗಿಲ ಹತ್ರ ಇರೋವರೆಗೂ ನಾನು ಚಕ್ರ ಮುಟ್ಟಲ್ಲ" ಎಂದರು. "ಅರ್ಧ ಹೊರಗಿದ್ದಾಗ ಪೆಟ್ಟಿಗೆ ಕದಲಿದ್ರೆ ಮುಗೀತು. ಇಬ್ರೂ ಹಿಂದಿನ ಗೋಡೆಗೆ ಒರಗಿ ಕೂತ್ರು ಅಂತ ನೀನು ಹೇಳ್ಬೇಕು."

ಕೂರು ಎಂದೆ, ಕೂರಲಿಲ್ಲ. ಗದರಿದೆ, ತಮ್ಮನ ಅಳು ಹೆಚ್ಚಿತು. "ಆಂಟಿ, ಅವರೆಲ್ಲ ಕರೀತಿದಾರೆ. ನಾನು ಮೊದಲು ಇಳಿದು, ಆಮೇಲೆ ಇವನನ್ನ ಇಳಿಸ್ಕೊಳ್ಲಾ?"

"ಅಕ್ಕ, ತಮ್ಮ ಅಂದ್ರೆ ಯಾವ ಮನೆ ಅಂತ ಗೊತ್ತಾಯ್ತು, ಅವರಿಗೆ ಗೋಪುರದ ಪುಸ್ತಕ ಹೇಳಿದ್ದೆ" ಎಂದರು ಮೇಸ್ತ್ರಿಗಳು. "ಎಷ್ಟನೇ ಅಧ್ಯಾಯಕ್ಕೆ ಬಂದಿದಾರೆ, ಕೇಳು."

ಕೇಳಿದೆ. "ಎಂಟು ಮುಗೀತು. ಅಪ್ಪ ಇವತ್ತು ಒಂಬತ್ತು ಓದ್ತಾರೆ" ಎಂದಳು.

"ನಮ್ಮನೇಲಿ ಒಂಬತ್ತು ಆಯ್ತು ಪುಟ್ಟಿ."

"ಅಯ್ಯೋ, ಹೇಳ್ಬೇಡಿ! ಮುಂದಿಂದು ಹೇಳಬಾರದು ಅಂತ ಮೇಸ್ತ್ರಿ ಅಂಕಲ್ ಹೇಳಿದಾರೆ."

"ಇವತ್ತೊಂದಿನ ರಜೆ ಕೊಟ್ಟಿದೀನಿ ಅನ್ನು!" ಎಂದು ಆ ಕಡೆಯಿಂದ ಅವರು ಕೂಗಿದರು.

ಆರಂಭಿಸಿದೆ. ಗಡಿಯಾರದ ಗೋಪುರದಲ್ಲಿ ಅಕ್ಕ, ತಮ್ಮ ಸಿಕ್ಕಿಬಿದ್ದಿದ್ದಾರೆ. ಮೆಟ್ಟಿಲು ಕುಸಿದಿದೆ. ತಮ್ಮನ ಅಳು ನಿಂತದ್ದು ಕೇಳಿಸಿತು. ಧೈರ್ಯ ಬಂದು ಮುಂದುವರಿದೆ. ಅಕ್ಕ ಕಿಟಕಿ ಹತ್ತುತ್ತಾಳೆ. ಕೆಳಗೆ ಜನ ಸೇರಿ, ಬಟ್ಟೆ ಹಿಡಿದು, "ಹಾರು, ಹಿಡೀತೀವಿ" ಅನ್ನುತ್ತಾರೆ. ಅಲ್ಲಿಗೆ ಮುಂದಿನದು ನೆನಪಾಯಿತು. ಪುಸ್ತಕದಲ್ಲಿ ಆ ಹುಡುಗಿ ಹಾರುತ್ತಾಳೆ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು; ನುಂಗುವಂತಿಲ್ಲ, ಉಗುಳುವಂತಿಲ್ಲ.

"ಅಲ್ಲೇ ನಿಲ್ಸು" ಎಂದರು ಮೇಸ್ತ್ರಿಗಳು, ಮೆಲ್ಲಗೆ. "ಮುಂದೇನು ಅಂತ ಕೇಳು."

"ಪುಟ್ಟಿ, ಮುಂದೇನಾಗಬಹುದು?"

"ಹಾರ್ತಾಳೆ" ಎಂದಳು ಥಟ್ಟನೆ. "ಎಲ್ಲರೂ ಕರೀತಿದಾರಲ್ಲ." ಜಾಲರಿ ಬಾಗಿಲು ಇನ್ನಷ್ಟು ಸರಿದ ಕಿರ್ರ್ ಸದ್ದು ಬಂತು.

"ಚಿಕ್ಕವನನ್ನ ಕೇಳಿದ್ಯಾ?" ಎಂದರು ಅವರು.

ಕೇಳಿರಲಿಲ್ಲ. ಗಾಬರಿಯಲ್ಲಿ ಕ್ರಮ ತಪ್ಪಿತ್ತು. "ತಮ್ಮಂದಲ್ವಾ ಪುಟ್ಟಿ ಮೊದಲು? ಅವನೇನಂತಾನೆ, ಕೇಳು."

ಮೂಗೆಳೆಯುತ್ತ ಪುಟ್ಟ ದನಿಯೊಂದು ಹೇಳಿತು: "ಅಕ್ಕ ಹೋದ್ರೆ ನಾನೊಬ್ನೇ."

ಕೆಳಗಿನವರು ಇನ್ನೂ ಕೂಗುತ್ತಲೇ ಇದ್ದರು.

"ಆಂಟಿ, ಅವಳು ಹಾರಲ್ಲ. ಕೂತ್ಕೋತಾಳೆ."

"ಎಲ್ಲಿ ಕೂತ್ಕೋತಾಳೆ?"

"ಹಿಂದೆ, ಗೋಡೆ ಹತ್ರ. ತಮ್ಮನ ಕೈ ಹಿಡ್ಕೊಂಡು."

"ಹೇಗೆ ಅಂತ ಕೂತು ತೋರಿಸು ನೋಡೋಣ."

"ಕೂತೆ" ಎಂಬ ಮಾತು ಈಗ ಸ್ವಲ್ಪ ದೂರದಿಂದ ಬಂತು. "ಕೂತ್ರು ಮೇಸ್ತ್ರಿಗಳೇ, ಇಬ್ರೂ ಕೂತ್ರು!" ಎಂದು ನಾನು ಕಿರುಚಿದ್ದಕ್ಕೆ ಮ್ಯಾನೇಜರು ಕೋಣೆಯಿಂದ ಓಡಿಬಂದರು.

ಒಂದು ಕೈಯಲ್ಲಿ ಬ್ರೇಕಿನ ಸನ್ನೆಕೋಲು, ಇನ್ನೊಂದರಲ್ಲಿ ಚಕ್ರ. ಅವರ ನರಳಾಟವೂ ಹಗ್ಗದ ನರಳಾಟವೂ ಒಂದೇ ಫೋನಿನಲ್ಲಿ ಕೇಳಿಸಿದವು. ಕೊನೆಗೆ ಪೆಟ್ಟಿಗೆ ಮೇಲಿನ ಮಹಡಿಗೆ ಸರಿಯಾಗಿ ನಿಂತಿತು. ಅವರು ಮೆಟ್ಟಿಲಿಳಿದು ಬಾಗಿಲು ತೆಗೆದಾಗ ಹುಡುಗಿ ಕೇಳಿದ ಮೊದಲ ಮಾತು, "ಅಂಕಲ್, ಅವಳು ಹಾರಿದ್ಲಾ?"

"ಇವತ್ತು ಅಪ್ಪ ಓದ್ತಾರಲ್ಲ, ಕೇಳು."

ಮಕ್ಕಳನ್ನು ನೆರೆಯವರ ಕೈಗಿತ್ತ ಮೇಲೆ ಅವರು ಮೆಟ್ಟಿಲ ಮೇಲೆ ಕುಸಿದಿರಬೇಕು. ಉಸಿರು ಮಾತ್ರ ಕೇಳುತ್ತಿತ್ತು. ಎಲ್ಲವೂ ಮುಗಿಯಿತೆಂದು ನಾನು ಫೋನಿಡಲು ಹೊರಟಾಗ, ಎಂದೂ ಯಾರಿಂದಲೂ ಏನನ್ನೂ ಕೇಳದ ಆ ಮನುಷ್ಯ ಹೇಳಿದರು: "ಇಡಬೇಡಮ್ಮ. ಸ್ವಲ್ಪ ಲೈನಲ್ಲೇ ಇರು."

ಇದ್ದೆ. ಮ್ಯಾನೇಜರು ನನ್ನ ಪಕ್ಕದಲ್ಲೇ ನಿಂತಿದ್ದರು.

ಮಾರನೆಯ ಬೆಳಗ್ಗೆ ಆ ಮಕ್ಕಳ ತಂದೆ ಕರೆ ಮಾಡಿ, ಹೇಳಬೇಕಾದ್ದನ್ನೆಲ್ಲ ತೊಡರುತ್ತ ಹೇಳಿದ ಮೇಲೆ, "ಲಿಫ್ಟಿನ ಮೇಲೆ ದೂರಿಲ್ಲ, ಪುಸ್ತಕದ ಮೇಲಿದೆ" ಎಂದರು. ಮಗಳು ಒಂಬತ್ತನೆಯ ಅಧ್ಯಾಯವನ್ನು ಒಪ್ಪಲು ತಯಾರಿಲ್ಲವಂತೆ. ಕಥೆಯ ಹುಡುಗಿಗೊಬ್ಬ ತಮ್ಮನಿದ್ದಾನೆ ಎಂಬುದೇ ಬರೆದವರಿಗೆ ಮರೆತುಹೋಗಿದೆ ಎನ್ನುತ್ತಾಳಂತೆ. ಮೇಸ್ತ್ರಿಗಳಿಗೆ ತಲುಪಿಸಿದೆ. "ದೂರು ನ್ಯಾಯವಾಗಿದೆ" ಎಂದು ತೀರ್ಪಿತ್ತರು. ಅಂದಿನಿಂದ ಪುಸ್ತಕದ ಕರೆಗಳಿಗೆ ಮ್ಯಾನೇಜರ ಆಕ್ಷೇಪಣೆ ಬರಲಿಲ್ಲ. ಮುಂದೆ ತಮ್ಮ ಮೊಮ್ಮಗಳಿಗಾಗಿ ಅವರೇ ಮಾಡಿದ ಕರೆಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಇಲ್ಲಿಯವರೆಗೆ.

ಈಗ ಮೇಸ್ತ್ರಿಗಳ ಸೇವೆಯ ಅಧ್ಯಾಯ ಮುಗಿಯುತ್ತಿದೆ. ಮುಂದಿನ ಪುಟವನ್ನು ಯಾರೂ ಕದ್ದು ನೋಡುವಂತಿಲ್ಲ, ಊಹಿಸಬಹುದಷ್ಟೇ. ಆದ್ದರಿಂದ ಕಟ್ಟಳೆಯಂತೆ ಕಚೇರಿಯ ಅತಿ ಚಿಕ್ಕವರಿಂದಲೇ ಶುರುಮಾಡಿದೆವು. ಮೊನ್ನೆ ಸೇರಿದ ಹುಡುಗಿ, ಅವರು ದಿನಾ ಇಲ್ಲಿಗೇ ಬಂದು ಓದುತ್ತಾರೆಂದಳು. ಮೊಮ್ಮಕ್ಕಳು ಅವರನ್ನು ಬಿಟ್ಟುಕೊಡುವುದಿಲ್ಲವೆಂದು ಮ್ಯಾನೇಜರು ಅಂದರು. ನನ್ನ ಊಹೆ ಇಷ್ಟು: ನಿಮ್ಮ ಕಣ್ಣು ಮಂಜಾಗದೆ, ದನಿ ಕುಗ್ಗದೆ, ಇನ್ನೂ ನೂರಾರು ಮನೆಗಳ ದೀಪದ ಕೆಳಗೆ ನೀವು ಹೇಳಿದ ಪುಸ್ತಕಗಳು ತೆರೆದುಕೊಳ್ಳುತ್ತವೆ. ನಿಮ್ಮ ಮನೆಯ ನಂಬರನ್ನು ಎಲ್ಲರಿಗೂ ಕೊಟ್ಟಾಗಿದೆ, ಸಿಟ್ಟಾಗಬೇಡಿ. ಫೋನು ಇಡಬೇಡಿ ಮೇಸ್ತ್ರಿಗಳೇ. ಸ್ವಲ್ಪ ಲೈನಲ್ಲೇ ಇರಿ.