ಮೂರು ಮೂಲೆಗೆ ಉರ್ದು ಬರಬೇಕಂತೆ

ಗೆಳೆಯರೇ, ಇವತ್ತು ಹುಮನಾಬಾದಿನ ಶಾಲೆಯಲ್ಲಿ ನನ್ನ ಮಗಳು ಶಿವಮ್ಮನ ಲೆಕ್ಕದ ಪರೀಕ್ಷೆ ಇತ್ತು. ಪಾಸಾದರಷ್ಟೇ ಮುಂದಿನ ತರಗತಿ. ತ್ರಿಕೋನದ ಮೂರು ಕೋನ ಕೂಡಿದರೆ ಎಷ್ಟು ಎಂದು ನಿಜಾಮ ಸರಕಾರದ ತನಿಖೆ ಸಾಹೇಬರು ಉರ್ದುವಿನಲ್ಲಿ ಕೇಳಿದರು. ಅವಳು ಕಾಗದದ ತ್ರಿಕೋನದ ಮೂರೂ ಮೂಲೆ ಹರಿದು ಜೋಡಿಸಿ, "ನೋಡ್ರಿ ಸಾಹೇಬ್ರ, ನೆಟ್ಟನ ಗೆರಿ ಆತು. ಎರಡು ಲಂಬಕೋನ" ಎಂದಳು.

"ಉರ್ದುದಾಗ ಹೇಳು, ಇಲ್ಲಂದ್ರ ನಾಪಾಸ್" ಎಂದು ಸಾಹೇಬರು ಅಚ್ಚ ಕನ್ನಡದಲ್ಲೇ ಗದರಿದರು.

ಬಾಗಿಲಲ್ಲಿದ್ದ ನಾನು ಸುಮ್ಮನಿರಲಿಲ್ಲ. "ಚಾಲುಕ್ಯರ ಕಾಲದಾಗ ನಾರಾಯಣಪುರದ ಶಿವನ ಗುಡಿ ಕಟ್ಟಿದವ್ರು ಯಾವ ಭಾಷಾದಾಗ ಕೋನ ಅಳದಿದ್ರು ಸಾಹೇಬ್ರ? ಇನ್ನೂ ನೆಟ್ಟಗ ನಿಂತೈತಲ್ಲ!"

ಅವರು ನಾಪಾಸ್ ಎಂದೇ ಬರೆದರು. ಆ ಮೂರು ಚೂರುಗಳನ್ನು ಮಗಳು ಅವರ ಮೇಜಿನ ಮೇಲೇ ಬಿಟ್ಟು ಬಂದಿದ್ದಾಳೆ. ಉರ್ದುವಿನಲ್ಲಿ ಜೋಡಿಸಿದರೆ ಗೆರೆ ಸೊಟ್ಟಗಾಗುತ್ತದೇನೋ, ನೋಡಿಕೊಳ್ಳಲಿ.