ಖಾಲಿ ಬಟ್ಟಲು ಹಿಂದಿರುಗದ ಬೀದಿ

ಮಂಗಳವಾರ ಬೆಳಿಗ್ಗೆ ಕಡಾಯಿಯ ತುಂಬ ಹೆಸರುಕಾಳು, ಅಕ್ಕಿಯ ಸಾರು ಕುದಿಯುತ್ತಿತ್ತು. ಹಾಕಿಕೊಡಲು ಒಂದು ಬಟ್ಟಲೂ ಇರಲಿಲ್ಲ. ಹೋಸಿಯತ್ ಓಪಾ ಸೌಟು ಹಿಡಿದುಕೊಂಡೇ ಕಪಾಟು ತೆರೆದು ನೋಡಿದರು, ಮುಚ್ಚಿದರು, ಏನೋ ಬದಲಾಗಿರಬಹುದೆಂದು ಮತ್ತೆ ತೆರೆದರು. ಹಿಡಿ ಮುರಿದ ಚಹಾ ಕೆಟಲ್ ಒಂದೇ ಅಲ್ಲಿ ಕುಳಿತಿತ್ತು.

ಬೀದಿಗೆಲ್ಲ ಅಕ್ಕನಾದ್ದರಿಂದ ಅವರು ಓಪಾ. ಕೋಕಂದ್ ಪಟ್ಟಣದ ಹಳೆಯ ಪೇಟೆಯ ಹಿಂದೆ ಅವರ ಮನೆ. ಶಿಶುವಿಹಾರದಲ್ಲಿ ಅಡುಗೆ ಮಾಡಿ ನಿವೃತ್ತರಾದ ಮೇಲೆ ಒಬ್ಬರಿಗಷ್ಟೇ ಅಡುಗೆ ಮಾಡುವುದನ್ನು ಕಲಿಯಲು ಪ್ರಯತ್ನಿಸಿ ಸೋತರು. ನೂರು ಮಕ್ಕಳಿಗೆ ಉಪ್ಪು ಹಾಕಿದ ಕೈ ಚಿಟಿಕೆಯ ಮಾತು ಕೇಳಲಿಲ್ಲ. ಕೊನೆಗೆ ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ದೊಡ್ಡ ಒಲೆ ಹೂಡಿದರು. ಪೇಟೆಯ ಕಸಾಯಿಗಳು ಮೂಳೆ ಕೊಟ್ಟರು, ತಂದೂರಿನವರು ಮಿಕ್ಕ ರೊಟ್ಟಿ ಕೊಟ್ಟರು, ಬೀದಿಯವರು ತಮಗೆ ಬೇಡವಾದ ಸಲಹೆಗಳನ್ನೆಲ್ಲ ಕೊಟ್ಟರು. ಗಂಡ ರಷ್ಯಾಕ್ಕೆ ದುಡಿಯಲು ಹೋಗಿ ಸುದ್ದಿಯಿಲ್ಲದ ಮನೆಗಳಿಗೆ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರಿಗೆ ಇಲ್ಲಿಂದ ಊಟ ಹೋಗುತ್ತದೆ.

ಅದನ್ನು ಹೊತ್ತೊಯ್ಯುವವರು ಮಿರ್ಜೋಹಿದ್ ಅಕಾ, ಬೀದಿಗೆಲ್ಲ ಅಣ್ಣ. ಹಿಂದೆ ಬಸ್ಸು ಓಡಿಸುತ್ತಿದ್ದವರು, ಈಗ ಮೂರು ಗಾಲಿಯ ಗಾಡಿ ತುಳಿಯುತ್ತಾರೆ. ಮೊದಮೊದಲು ನಿಲ್ದಾಣದ ಹೆಸರು ಕೂಗುವಂತೆ ಪ್ರತಿ ಮನೆಯ ಹೆಸರನ್ನೂ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಓಪಾ ಅದನ್ನು ನಿಲ್ಲಿಸಿದರು. ಬಾಯಿ ಮುಚ್ಚಿಕೊಂಡು ಗಾಡಿ ಓಡಿಸುವುದು ತಮ್ಮ ವೃತ್ತಿಗೇ ಅವಮಾನವೆಂದು ಅಕಾ ಈಗಲೂ ಹೇಳುತ್ತಾರೆ.

ಬಟ್ಟಲುಗಳನ್ನು ಯಾರೂ ಕದ್ದಿರಲಿಲ್ಲ. ತೊಂದರೆ ಅದಕ್ಕಿಂತ ದೊಡ್ಡದು. ನೆರೆಯವರ ಪಾತ್ರೆಯನ್ನು ಈ ಬೀದಿಯಲ್ಲಿ ಖಾಲಿಯಾಗಿ ಹಿಂದಿರುಗಿಸುವವರಿಲ್ಲ. ಹಿಡಿ ಒಣದ್ರಾಕ್ಷಿ, ಎರಡು ಸೇಬು, ಏನಾದರೂ ಇರಲೇಬೇಕು. ಸಾರು ತಿಂದ ಮನೆಗಳಿಂದ ಬಟ್ಟಲಿನಲ್ಲಿ ಟರ್ನಿಪ್ ಬಂತು, ತುಳಸಿಯಂಥ ರೈಹಾನ್ ಸೊಪ್ಪು ಬಂತು, ಉಣ್ಣೆಯ ಕಾಲುಚೀಲ ಒಂದೇ ಒಂದು ಬಂತು. ಇನ್ನೊಂದು ಹೆಣಿಗೆಯಲ್ಲಿದೆಯಂತೆ, ಮುಂದಿನ ಬಟ್ಟಲಿಗೆ ಬರುತ್ತದಂತೆ. ಒಬ್ಬ ಅಜ್ಜಿ ಕಳಿಸಿದ ಕೋಳಿಮರಿ ಹುಂಜವಾಗಿ ಬೆಳೆದು ಅಂಗಳದಲ್ಲೇ ಇದೆ. ಅದು ಮಿರ್ಜೋಹಿದ್ ಅಕಾರನ್ನು ಬಿಟ್ಟು ಬೇರೆ ಯಾರನ್ನೂ ಕುಕ್ಕುವುದಿಲ್ಲ. ಕೊಡಲು ಏನೂ ಇಲ್ಲದವರು ಮಾತ್ರ ಏನಾದರೂ ಸಿಗುವತನಕ ಬಟ್ಟಲನ್ನು ಇಟ್ಟುಕೊಂಡರು. ಹಾಗಾಗಿ ಯಾರ ಮನೆಯಲ್ಲಿ ಹಸಿವು ಹೆಚ್ಚೋ ಅಲ್ಲಿ ಬಟ್ಟಲುಗಳೂ ಹೆಚ್ಚು.

ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕೊಟ್ಟರೆ ತಿಂದು ಎಸೆಯುತ್ತಾರೆ ಎಂದು ಮಿರ್ಜೋಹಿದ್ ಅಕಾ ಸೂಚಿಸಿದ್ದರು. ಒಬ್ಬರೂ ಎಸೆಯಲಿಲ್ಲ. ತೊಳೆದು, ಬಿಸಿಲಿಗೆ ಒಣಗಿಸಿ, ಬಟ್ಟಲುಗಳ ಪಕ್ಕದಲ್ಲೇ ಜೋಡಿಸಿದರು.

ಅಲ್ಲಿಯವರೆಗೂ ಇದು ನಗುವ ಮಾತಾಗಿತ್ತು. ನೀಲಿ ಗೇಟಿನ ಜುಲ್ಹುಮೋರ್ ಬಾಗಿಲು ತೆರೆಯುವುದನ್ನು ನಿಲ್ಲಿಸಿದ ಮೇಲೆ ಓಪಾ ನಗಲಿಲ್ಲ. ಜುಲ್ಹುಮೋರ್ ಟೋಪಿಗಳಿಗೆ ಕಸೂತಿ ಹಾಕುವವಳು. ಚಳಿಗಾಲದಲ್ಲಿ ಕೆಲಸ ನಿಂತಿತ್ತು, ಗಂಡನ ಫೋನೂ ನಿಂತಿತ್ತು, ಮೂರು ಮಕ್ಕಳು. ವಾರದಿಂದ ಗಾಡಿ ಗೇಟಿನ ಮುಂದೆ ನಿಂತಾಗಲೆಲ್ಲ ಒಳಗೆ ಮಕ್ಕಳನ್ನು ಗದರಿಸಿ ಸುಮ್ಮನಾಗಿಸುವ ಸದ್ದು ಕೇಳಿಸುತ್ತಿತ್ತು. ಚಿಲಕಕ್ಕೆ ತೂಗುಹಾಕಿ ಬಂದ ರೊಟ್ಟಿ ಮರುದಿನ ಅಲ್ಲೇ ಗಟ್ಟಿಯಾಗಿ ತೂಗುತ್ತಿತ್ತು. ಅವಳ ಅಡುಗೆಮನೆಯಲ್ಲಿ ಏಳು ಬಟ್ಟಲುಗಳು ಬಟ್ಟೆ ಹೊದ್ದು ಕುಳಿತಿವೆ ಎಂದು ಪಕ್ಕದ ಮನೆಯವರು ಹೇಳಿದರು. ಅವಳು ಬೇಡವೆನ್ನುತ್ತಿರುವುದು ಊಟವನ್ನಲ್ಲ, ಎಂಟನೆಯ ಬಟ್ಟಲನ್ನು ಎಂದು ಓಪಾಗೆ ಆಗ ಹೊಳೆಯಿತು.

"ಬಟ್ಟಲು ಖಾಲಿ ಕೊಟ್ರೂ ಪರವಾಗಿಲ್ಲ ಅಂತ ಎಲ್ರಿಗೂ ಹೇಳ್ಬಿಡೋಣ," ಎಂದರು ಮಿರ್ಜೋಹಿದ್ ಅಕಾ.

"ನಿಮ್ಮಮ್ಮನ ತಟ್ಟೇನ ನಾನು ಖಾಲಿ ವಾಪಸ್ ಕಳ್ಸಿದ್ದಿದ್ರೆ?"

ಅವರು ಯೋಚಿಸಿದರು. "ಸಾಯೋವರೆಗೂ ನಿನ್ನ ಮಾತಾಡಿಸ್ತಿರ್ಲಿಲ್ಲ. ಸತ್ತ ಮೇಲೂ ಅನುಮಾನ."

ಓಪಾ ಸೌಟನ್ನು ಅವರ ಕೈಗೆ ಕೊಟ್ಟು, ತಲೆವಸ್ತ್ರ ಬಿಗಿದುಕೊಂಡು ಬೀದಿಯ ಕೊನೆಗೆ ನಡೆದರು. ನೀಲಿ ಗೇಟಿನ ಸಂದಿಗೆ ಎರಡೂ ಅಂಗೈ ಚಾಚಿ ತೋರಿಸಿದರು.

"ನೋಡು ಮಗಳೇ, ಕೈ ಖಾಲಿ. ಏನೂ ತಂದಿಲ್ಲ. ಕೇಳೋಕೆ ಬಂದಿದ್ದೀನಿ."

ಗೇಟು ಒಂದು ಮುಖದಷ್ಟು ತೆರೆಯಿತು. ಜುಲ್ಹುಮೋರ್ ನೆಲ ನೋಡುತ್ತಾ, ಬಟ್ಟಲುಗಳು ಇಲ್ಲೇ ಇವೆ, ಒಂದೂ ಒಡೆದಿಲ್ಲ, ಇನ್ನೇನು ಕಳಿಸುವವಳಿದ್ದೆ ಎಂದಳು. ಅವು ಬೇಡ, ಅಲ್ಲೇ ಇರಲಿ ಎಂದರು ಓಪಾ. ತಮ್ಮ ಮನೆಯಲ್ಲಿ ಒಂದು ಬಟ್ಟಲೂ ಇಲ್ಲ, ಅವಳ ಸ್ವಂತದ್ದೊಂದನ್ನು ಮಧ್ಯಾಹ್ನದವರೆಗೆ ಎರವಲು ಕೊಡಬೇಕು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ನೆರೆಯವರು ಪಾತ್ರೆ ಕೇಳಿದರೆ ಇಲ್ಲವೆನ್ನುವ ರೂಢಿಯೂ ಆ ಬೀದಿಯಲ್ಲಿಲ್ಲ. ಜುಲ್ಹುಮೋರ್ ಒಳಗೆ ಹೋಗಿ ಚಹಾ ಕುಡಿಯುವ ಪುಟ್ಟ ಬಟ್ಟಲೊಂದನ್ನು ತಂದಳು. ಓಪಾ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಗುಬ್ಬಚ್ಚಿ ಸಾಕಿದ್ದೀನಿ ಅಂತ ಯಾರಮ್ಮ ಹೇಳಿದ್ದು ನಿಂಗೆ?"

"ಎಷ್ಟು ದೊಡ್ಡದು ಬೇಕು ಓಪಾ?"

"ಮೂರು ಮಕ್ಕಳು ಒಟ್ಟಿಗೆ ಮುಖ ತೊಳೀಬಹುದಾದಷ್ಟು."

ಅವಳು ಹಿಟ್ಟು ಕಲಸುವ ಅಗಲ ಬೋಗುಣಿ ತಂದಳು. ಅದರ ಅಂಚಿನಲ್ಲಿ ಹಿಟ್ಟಿನ ಗುರುತೂ ಇರಲಿಲ್ಲ. ಓಪಾ ಅದನ್ನು ಸೊಂಟಕ್ಕೇರಿಸಿದರು.

"ನಾನೇನು ಹಸುಗೂಸಲ್ಲ," ಎಂದಳು ಜುಲ್ಹುಮೋರ್. "ಇದು ಖಾಲಿ ವಾಪಸ್ ಬರಲ್ಲ ಅಂತ ನಂಗೊತ್ತು."

"ನಮ್ಮಮ್ಮ ನಂಗೆ ಖಾಲಿ ಕೊಡೋದು ಕಲಿಸಿಲ್ಲ. ನಿಮ್ಮಮ್ಮ ನಿಂಗೆ ಕಲಿಸಿದ್ರಾ?"

ಮಧ್ಯಾಹ್ನ ಬೋಗುಣಿ ಸಾರು ತುಂಬಿಕೊಂಡು, ಮೇಲೆ ರೊಟ್ಟಿ ಮುಚ್ಚಿಕೊಂಡು ಅದರ ಮನೆಗೆ ಹೋಯಿತು. ಈ ಸಲ ಗೇಟು ತೆರೆಯಿತು.

ಅಂದಿನಿಂದ ಗಾಡಿ ಬೆಳಿಗ್ಗೆ ಖಾಲಿ ಹೊರಟು ಮನೆಮನೆಯಿಂದ ಪಾತ್ರೆ ಎರವಲು ತರುತ್ತದೆ, ಮಧ್ಯಾಹ್ನ ತುಂಬಿಸಿ ಹಿಂದಿರುಗಿಸುತ್ತದೆ. ಅಡುಗೆಮನೆಗೆ ಈಗ ಬಟ್ಟಲಿನ ಕೊರತೆಯಿಲ್ಲ, ಅಳತೆಯ ಕಷ್ಟವಿದೆ. ಒಬ್ಬರು ಹಾಲಿನ ಕ್ಯಾನು ಕೊಟ್ಟರು. ಹುಂಜದ ಅಜ್ಜಿ ಚಹಾ ನೀರು ಕಾಯಿಸುವ, ನಲ್ಲಿಯಿರುವ ಸಮೋವಾರ್ ಕೊಟ್ಟಳು; ಅದಕ್ಕೆ ಸಾರು ತುಂಬಿಸಬಹುದು, ಆದರೆ ನಲ್ಲಿಯಲ್ಲಿ ಆಲೂಗಡ್ಡೆ ಬರುವುದಿಲ್ಲ. ಇನ್ನು ಸ್ನಾನದ ತೊಟ್ಟಿಯೊಂದೇ ಬಾಕಿ, ಅದು ಬಂದ ದಿನ ತಾನು ಬಸ್ಸಿಗೇ ವಾಪಸಾಗುತ್ತೇನೆ ಎಂದು ಮಿರ್ಜೋಹಿದ್ ಅಕಾ ಬೆದರಿಸಿದ್ದಾರೆ.

ಕಳೆದ ವಾರ ಜುಲ್ಹುಮೋರ್ ತಾನೇ ಅಂಗಳಕ್ಕೆ ಬಂದಳು. ಆ ಏಳು ಬಟ್ಟಲುಗಳು ತನ್ನನ್ನೇ ನೋಡುತ್ತವೆ, ಹೀಗೆ ಬಿಡಲು ಆಗದು ಎಂದಳು. ಪ್ರತಿ ಗುರುವಾರ ಮಾಡುವ ಪುಲಾವಿಗೆ ಬೇಕಾದ ಕ್ಯಾರೆಟ್ ಹೆಚ್ಚುವ ಕೆಲಸ ತನಗೆ ಕೊಡಬೇಕು. ಕಸೂತಿಯ ಕೈ, ದಾರದಷ್ಟು ಸಣ್ಣಗೆ ಹೆಚ್ಚಿ ಆ ಬಟ್ಟಲುಗಳಲ್ಲೇ ತುಂಬಿ ಕೊಡುತ್ತೇನೆ ಎಂದಳು. ನಮ್ಮ ಕ್ಯಾರೆಟ್ ಅನ್ನೇ ನಮ್ಮ ಬಟ್ಟಲಲ್ಲಿ ತುಂಬಿ ಕೊಟ್ಟರೆ ಅದು ಹೇಗೆ ಲೆಕ್ಕಕ್ಕೆ ಬರುತ್ತದೆ ಎಂದು ಕೇಳಲು ಮಿರ್ಜೋಹಿದ್ ಅಕಾ ಬಾಯಿ ತೆರೆದರು. ಓಪಾ ಅವರತ್ತ ತಿರುಗಿ ನೋಡಿದರು. ಅವರು ಹುಂಜವನ್ನು ಓಡಿಸಲು ಹೋದರು.

ಕ್ಯಾರೆಟ್ಟಿನ ಮೂಟೆ ಬುಧವಾರ ಸಂಜೆ ನೀಲಿ ಗೇಟಿಗೆ ಹೋಗುತ್ತದೆ.